ಹೈದರಾಬಾದಿಗೆ ಎರಡು ರಾತ್ರಿ: ಟಿಕೆಟ್‌ಗಿಂತ ಮೊದಲು ಶುಕ್ರವಾರದ ಲೆಕ್ಕ

ಬೆಂಗಳೂರಿನಿಂದ ಹೈದರಾಬಾದಿಗೆ ವಿಮಾನ ಗಾಳಿಯಲ್ಲಿರುವುದು ಒಂದು ಗಂಟೆಯ ಆಸುಪಾಸು. ಆದರೆ ಜಯನಗರದ ಮನೆಗೆ ಬೀಗ ಹಾಕಿದಲ್ಲಿಂದ ಲಕಡಿಕಾಪೂಲ್‌ನ ಹೋಟೆಲ್ ಕೀ ಕೈಗೆ ಬರುವವರೆಗೆ ಆರು ಗಂಟೆ ಹಿಡಿದುಕೊಳ್ಳಬೇಕು. ದೇವನಹಳ್ಳಿ ಮುಟ್ಟಲು ಒಂದೂವರೆಯಿಂದ ಎರಡು ಗಂಟೆ, ನಿಲ್ದಾಣದೊಳಗೆ ಹೆಚ್ಚುಕಡಿಮೆ ಅಷ್ಟೇ, ಶಂಶಾಬಾದಿನಲ್ಲಿ ಇಳಿದು ಬ್ಯಾಗು ಹಿಡಿಯಲು ಅರ್ಧ ಗಂಟೆ, ಅಲ್ಲಿಂದ ಊರೊಳಗೆ ಮತ್ತೊಂದು ಗಂಟೆ. ಹೋಗಿ ಬರುವುದಕ್ಕೇ ಹನ್ನೆರಡು ಗಂಟೆ ಕಳೆದರೆ ಮೂರು ದಿನದ ಪ್ರವಾಸದಲ್ಲಿ ಊರು ನೋಡಲು ನಿಜವಾಗಿ ಸಿಗುವುದು ಎರಡು ದಿನ. ಹಾಗಾಗಿ ನಾನು ಟಿಕೆಟ್ ದರ ನೋಡುವುದು ಕಡೆಯಲ್ಲಿ. ಮೊದಲು ಯಾವ ಜಾಗ ಯಾವ ದಿನ ಮುಚ್ಚಿರುತ್ತದೆ, ಆಮೇಲೆ ಹೋಟೆಲ್ ಎಲ್ಲಿರಬೇಕು, ಆಮೇಲೆ ವಿಮಾನ.

ಹೈದರಾಬಾದಿನಲ್ಲಿ ಆ ಮೊದಲ ಪ್ರಶ್ನೆಗೆ ಉತ್ತರ ಶುಕ್ರವಾರ. ಸಾಲಾರ್‌ಜಂಗ್ ಮ್ಯೂಸಿಯಂ, ಚೌಮಹಲ್ಲಾ ಅರಮನೆ ಎರಡಕ್ಕೂ ಅಂದು ರಜೆ. ಮಕ್ಕಾ ಮಸೀದಿಯ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಚಾರ್‌ಮಿನಾರ್ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಬೆಂಗಳೂರಿನವರು ಹೊರಡುವುದು ಸಾಮಾನ್ಯವಾಗಿ ಶುಕ್ರವಾರ ರಜೆ ಹಾಕಿಯೇ. ಇಳಿದ ಉತ್ಸಾಹದಲ್ಲಿ ಮೊದಲು ಓಡುವುದೂ ಹಳೇ ನಗರಕ್ಕೇ. ಅದನ್ನು ಶನಿವಾರಕ್ಕೆ ತಳ್ಳಿದರೆ ಉಳಿದದ್ದು ತಾನಾಗಿ ಕೂತುಕೊಳ್ಳುತ್ತದೆ: ಶುಕ್ರವಾರ ಸಂಜೆ ಹುಸೇನ್ ಸಾಗರ ಕೆರೆಯ ಕಡೆ, ಶನಿವಾರ ಇಡೀ ದಿನ ಹಳೇ ನಗರ, ಭಾನುವಾರ ಬೆಳಿಗ್ಗೆ ಗೋಲ್ಕೊಂಡಾ ಕೋಟೆ, ಅಲ್ಲಿಂದ ಹೊರವರ್ತುಲ ರಸ್ತೆ ಹಿಡಿದು ನೇರ ವಿಮಾನ ನಿಲ್ದಾಣ.

ರಾಮೋಜಿ ಫಿಲ್ಮ್ ಸಿಟಿಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಊರಿನಿಂದ ಮೂವತ್ತು ಕಿಲೋಮೀಟರಿಗೂ ಮೀರಿ ಪೂರ್ವಕ್ಕಿದೆ, ಒಳಗೆ ಹೋದರೆ ಸಂಜೆಯೇ ಹೊರಗೆ ಬರುವುದು. ಮಕ್ಕಳು ಹಟ ಹಿಡಿದರೆ ಮೂರನೇ ರಾತ್ರಿ ಸೇರಿಸಿ. ಎರಡು ರಾತ್ರಿಯಲ್ಲೇ ತುರುಕಿದರೆ ಚಾರ್‌ಮಿನಾರ್ ಅನ್ನು ಕ್ಯಾಬಿನ ಕಿಟಕಿಯಿಂದ ನೋಡಿ ಬರಬೇಕಾಗುತ್ತದೆ.

ಹೋಟೆಲಿನ ವಿಷಯದಲ್ಲಿ ಹಲವರು ಹೈಟೆಕ್ ಸಿಟಿ, ಗಚ್ಚಿಬೌಲಿ ಆರಿಸುತ್ತಾರೆ. ಕೋಣೆ ಹೊಸದು, ಫೋಟೋ ಚೆಂದ. ಕಚೇರಿ ಕೆಲಸಕ್ಕೆ ಸರಿ. ಊರು ನೋಡಲು ಹೋದವರಿಗೆ ಅಲ್ಲಿಂದ ಚಾರ್‌ಮಿನಾರ್ ಸುಮಾರು ಇಪ್ಪತ್ತು ಕಿಲೋಮೀಟರ್, ಮೆಟ್ರೋದಲ್ಲಾದರೆ ಅಮೀರ್‌ಪೇಟೆಯಲ್ಲಿ ರೈಲು ಬದಲಿಸಬೇಕು. ನನ್ನ ಆಯ್ಕೆ ಲಕಡಿಕಾಪೂಲ್ ಅಥವಾ ನಾಂಪಲ್ಲಿ. ಮಿಯಾಪುರದಿಂದ ಎಲ್‌ಬಿ ನಗರಕ್ಕೆ ಹೋಗುವ ಕೆಂಪು ಮಾರ್ಗದ ಮೇಲಿವೆ, ಬಿರ್ಲಾ ಮಂದಿರ ಹತ್ತಿರ, ಬೆಳಿಗ್ಗೆ ಇಡ್ಲಿ ದೋಸೆಗೆ ಹುಡುಕಾಡಬೇಕಿಲ್ಲ. ಆ್ಯಪಿನಲ್ಲಿ ಉಚಿತ ರದ್ದತಿ ಇರುವ ಕೋಣೆ ಹಿಡಿದಿಟ್ಟು ಹೋಟೆಲಿಗೇ ಫೋನ್ ಮಾಡುತ್ತೇನೆ. ಚೆಕ್-ಇನ್ ಎಷ್ಟು ಗಂಟೆಗೆ, ಬೇಗ ಬಂದರೆ ಬ್ಯಾಗು ಇಟ್ಟುಕೊಳ್ಳುತ್ತೀರಾ, ಕೋಣೆಗೆ ಕಿಟಕಿ ಇದೆಯಾ, ನೇರವಾಗಿ ಬುಕ್ ಮಾಡಿದರೆ ದರ ಎಷ್ಟು, ಇಷ್ಟು ಕೇಳಿದರೆ ಸಾಕು. ಕಿಟಕಿಯ ಪ್ರಶ್ನೆ ತಮಾಷೆಯಲ್ಲ. ಹಳೆಯ ಕಟ್ಟಡಗಳಲ್ಲಿ ಕಡಿಮೆ ದರದ ಕೋಣೆಗಳು ಒಳಗೋಡೆಗೆ ತೆರೆದುಕೊಳ್ಳುವುದುಂಟು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡಾ 5. ಆ ಗೆರೆ ದಾಟಿದರೆ ಶೇಕಡಾ 18, ಆದ್ದರಿಂದ 7,600ರ ಕೋಣೆ 7,400ರದ್ದಕ್ಕಿಂತ ಸಾವಿರ ರೂಪಾಯಿಗೂ ಮಿಕ್ಕಿ ದುಬಾರಿ ಬೀಳುತ್ತದೆ.

ದಿನಾಂಕಕ್ಕೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಜನವರಿ 1ರಿಂದ ಫೆಬ್ರವರಿ 15ರವರೆಗೆ ನಾಂಪಲ್ಲಿಯಲ್ಲಿ ನುಮಾಯಿಷ್ ಪ್ರದರ್ಶನ ನಡೆಯುವುದರಿಂದ ಆಗ ಸಂಜೆ ಅಲ್ಲಿ ವಾಹನ ಅಲುಗಾಡುವುದಿಲ್ಲ, ಕೋಣೆಯನ್ನು ಲಕಡಿಕಾಪೂಲ್ ಕಡೆಗೇ ನೋಡಿಕೊಳ್ಳಿ. ಅನಂತ ಚತುರ್ದಶಿಯಂದು ಇಡೀ ಊರಿನ ಗಣೇಶ ಹುಸೇನ್ ಸಾಗರಕ್ಕೆ ಬರುತ್ತಾನೆ, ಆ ವಾರಾಂತ್ಯ ಬೇಡ.

ಇನ್ನು ವಿಮಾನ. ಹೊರಡುವುದು ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ, ಮರಳುವುದು ಭಾನುವಾರ ಸಂಜೆ ಆರರಿಂದ ಎಂಟರೊಳಗೆ. ಬೆಳಗಿನ ಜಾವದ ವಿಮಾನ ಅಗ್ಗವಾಗಿ ಕಾಣುತ್ತದೆ, ಆದರೆ ರಾತ್ರಿ ಎರಡಕ್ಕೆ ಎದ್ದು ಹೋಗಿ ಎಂಟಕ್ಕೆ ಹೋಟೆಲ್ ತಲುಪಿದರೆ ಮಧ್ಯಾಹ್ನದವರೆಗೆ ಕೋಣೆ ಸಿಗದೆ ಲಾಬಿಯಲ್ಲಿ ತೂಕಡಿಸುವುದೇ ಗತಿ. ಹೆಸರಿನ ಕಾಲಂ ಬಗ್ಗೆ ನಮ್ಮವರಿಗೊಂದು ಮಾತು: ಆಧಾರಿನಲ್ಲಿ ಒಂದೇ ಹೆಸರಿದ್ದು ಇನಿಷಿಯಲ್ಲೂ ಇಲ್ಲದಿದ್ದರೆ ಹೆಸರು, ಉಪನಾಮ ಎರಡೂ ಕಡೆ ಅದೇ ಹೆಸರು ಬರೆಯುವುದು ರೂಢಿ. ಕರೆಯುವ ಹೆಸರು, ಗಂಡನ ಹೆಸರು ಸೇರಿಸಲು ಹೋಗಬೇಡಿ. ಆಧಾರಿನಲ್ಲಿ ಹೇಗಿದೆಯೋ ಹಾಗೆ. ಎರಡು ವರ್ಷ ತುಂಬದ ಮಗುವಿಗೆ ಸೀಟು ಬೇಡ, ಆದರೆ ವಯಸ್ಸಿನ ದಾಖಲೆ ಕೈಯಲ್ಲಿರಬೇಕು. ವೆಬ್ ಚೆಕ್-ಇನ್‌ನಲ್ಲಿ ದುಡ್ಡು ಕೊಟ್ಟೇ ಸೀಟು ಆರಿಸಬೇಕು ಎನ್ನುವಂತೆ ಪುಟ ಕಾಣುತ್ತದೆ. ಆ ಹೆಜ್ಜೆ ದಾಟಿಸಿ ಮುಂದೆ ಹೋದರೆ ಯಾವುದಾದರೊಂದು ಸೀಟು ಪುಕ್ಕಟೆ ಸಿಗುತ್ತದೆ. ಒಂದು ಗಂಟೆಯ ಹಾರಾಟಕ್ಕೆ ಕಿಟಕಿಯೇ ಬೇಕೆಂದು ನಾಲ್ಕು ಜನಕ್ಕೆ ದುಡ್ಡು ಸುರಿಯುವುದು ನನಗೆ ಸರಿ ಕಂಡಿಲ್ಲ. ಅಗ್ಗದ ಟಿಕೆಟ್ ರದ್ದು ಮಾಡಬೇಕಾಗಿ ಬಂದರೂ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಬರಬೇಕು, ಕೇಳಿ ಪಡೆಯಿರಿ. ಬೆಂಗಳೂರಿನಲ್ಲಿ ಟರ್ಮಿನಲ್ 1ಆ 2ಆ ಎಂದು ಟಿಕೆಟಿನಲ್ಲೇ ಇರುತ್ತದೆ. ವಾಯುವಜ್ರ ಬಸ್ಸು ಹತ್ತುವಾಗ ಕಂಡಕ್ಟರಿಗೂ ಅದನ್ನೇ ಹೇಳಿ.

ಶಂಶಾಬಾದಿನಲ್ಲಿ ಇಳಿದರೆ ಮೆಟ್ರೋ ಅಲ್ಲಿಯವರೆಗೆ ಬಂದಿಲ್ಲ. ಪುಷ್ಪಕ್ ಬಸ್ಸು ಅಥವಾ ಕ್ಯಾಬು. ನಾಲ್ವರಿದ್ದರೆ ಕ್ಯಾಬೇ ಗಿಟ್ಟುತ್ತದೆ, ಒಬ್ಬರಿಬ್ಬರಿಗೆ ಪುಷ್ಪಕ್. ಸಿಟಿ ಬಸ್ಸಿನ ತೆಲುಗು ಬೋರ್ಡು ಕಂಡು ಹೆದರಬೇಡಿ, ಕನ್ನಡ ಓದುವವರಿಗೆ ಹತ್ತು ನಿಮಿಷದಲ್ಲಿ ಹಿಡಿತಕ್ಕೆ ಬರುತ್ತದೆ.

ಬಿರ್ಲಾ ಮಂದಿರ ಮಧ್ಯಾಹ್ನ ಮುಚ್ಚಿರುತ್ತದೆ, ಮೊಬೈಲ್ ಒಳಗೆ ಬಿಡುವುದಿಲ್ಲ. ಶುಕ್ರವಾರ ಸಂಜೆ ಅಲ್ಲಿಂದ ಇಳಿದು ಲುಂಬಿನಿ ಪಾರ್ಕಿನಿಂದ ದೋಣಿ ಹಿಡಿದರೆ ಕೆರೆ ನಡುವಿನ 18 ಮೀಟರ್ ಎತ್ತರದ ಏಕಶಿಲಾ ಬುದ್ಧನ ಪಾದಕ್ಕೆ ಬಿಡುತ್ತಾರೆ. 1990ರಲ್ಲಿ ಸಾಗಿಸುವಾಗ ನೀರಿಗೆ ಬಿದ್ದ ವಿಗ್ರಹ ಅದು, 1992ರಲ್ಲಿ ಎತ್ತಿ ನಿಲ್ಲಿಸಿದರು.

ಶನಿವಾರ ಬೆಳಿಗ್ಗೆ ಮೆಟ್ರೋದಲ್ಲಿ ಎಂಜಿಬಿಎಸ್ (ಮಹಾತ್ಮ ಗಾಂಧಿ ಬಸ್ ನಿಲ್ದಾಣ), ಅಲ್ಲಿಂದ ಆಟೋದಲ್ಲಿ ಮೂಸಿ ನದಿ ದಾಟಿದರೆ ಸಾಲಾರ್‌ಜಂಗ್. ಹತ್ತಕ್ಕೆ ಬಾಗಿಲು ತೆರೆಯುವಾಗಲೇ ಹೋಗಿ. ಮೊದಲು ಬೆನ್ಜೋನಿ ಕೆತ್ತಿದ ‘ಮುಸುಕಿನ ರೆಬೆಕ್ಕಾ’: ಒಂದೇ ಅಮೃತಶಿಲೆಯಲ್ಲಿ ಮುಖದ ಮೇಲೆ ಒದ್ದೆ ಬಟ್ಟೆ ಅಂಟಿದಂತೆ ಕಾಣುತ್ತದೆ, ಬೆಳಕಿಗೆ ಓರೆಯಾಗಿ ನಿಂತು ನೋಡಬೇಕು. ಹತ್ತಿರ ಹೋದಷ್ಟೂ ಬಟ್ಟೆಯ ಮಡಿಕೆಗಳೇ ಎದ್ದು ಕಾಣುತ್ತವೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಒಳಗಿನ ಮುಖ ಮೂಡುತ್ತದೆ. ಸಂಗೀತ ಗಡಿಯಾರದಲ್ಲಿ ಗಂಟೆಗೊಮ್ಮೆ ಪುಟ್ಟ ಬೊಂಬೆ ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಹನ್ನೆರಡಕ್ಕೆ ಹನ್ನೆರಡು ಪೆಟ್ಟು, ಆದ್ದರಿಂದ ಆಗಲೇ ನೂಕುನುಗ್ಗಲು. ಮಕ್ಕಳಿದ್ದರೆ ಹನ್ನೊಂದರದ್ದೇ ವಾಸಿ, ಹತ್ತು ನಿಮಿಷ ಮೊದಲೇ ಮುಂದಿನ ಸಾಲಿನಲ್ಲಿ ಕೂರಿಸಿ. ಗ್ಯಾಲರಿಗಳೆಲ್ಲ ನೋಡುತ್ತೇನೆಂದು ಹೊರಟರೆ ಮೂರೇ ಗಂಟೆಯಲ್ಲಿ ಕಾಲು ಸೋಲುತ್ತದೆ.

ಅಲ್ಲಿಂದ ಪತ್ತರ್‌ಗಟ್ಟಿಯ ಮುತ್ತಿನ ಅಂಗಡಿಗಳ ನಡುವೆ ಚಾರ್‌ಮಿನಾರ್‌ಗೆ ಸುಮಾರು ಒಂದೂವರೆ ಕಿಲೋಮೀಟರ್, ನಡೆದೇ ಹೋಗಿ. 1591ರ ಕಟ್ಟಡದ ಸುರುಳಿ ಮೆಟ್ಟಿಲು ಕಡಿದು, ಕಿರಿದು. ಮಂಡಿನೋವಿನವರು ಕೆಳಗೇ ಇರಲಿ. ಚೌಮಹಲ್ಲಾ ಮುಗಿಸಿ ಇಳಿಹೊತ್ತಿಗೆ ಲಾಡ್ ಬಜಾರಿಗೆ ಬಂದರೆ ಅರಗಿನ ಬಳೆಗಳಿಗೆ ದೀಪದ ಹೊಳಪು ಬಂದಿರುತ್ತದೆ. ಹೇಳಿದ ಬೆಲೆಯ ಅರ್ಧದಿಂದ ಚೌಕಾಸಿ ಶುರು ಮಾಡಿ. ಬಿರಿಯಾನಿ ಒಂದು ಪ್ಲೇಟು ಇಬ್ಬರಿಗೆ ಸಾಕು.

ಭಾನುವಾರ ಕೋಣೆ ಖಾಲಿ ಮಾಡಿ, ಬ್ಯಾಗು ಸಮೇತ ದಿನದ ಮಟ್ಟಿಗೆ ಕ್ಯಾಬು ಹಿಡಿದು ಒಂಬತ್ತಕ್ಕೆ ಗೋಲ್ಕೊಂಡಾ. ಪ್ರವೇಶದ್ವಾರದ ಗುಮ್ಮಟದಡಿ ಒಬ್ಬರು ಚಪ್ಪಾಳೆ ತಟ್ಟಲಿ, ಮೇಲೆ ಕೋಟೆಯ ನೆತ್ತಿಯ ಬಾಲಾ ಹಿಸಾರ್‌ನಲ್ಲಿ ಕೇಳುತ್ತದೆ. ಜನ ಕಡಿಮೆ ಇರುವಾಗ ಮಾತ್ರ. ಮೇಲೇರಲು ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು, ತಲಾ ಒಂದು ಲೀಟರ್ ನೀರು ಕೆಳಗಿನಿಂದಲೇ ಒಯ್ಯಿರಿ. ಹತ್ತಿರದ ಕುತುಬ್‌ಶಾಹಿ ಗೋರಿಗಳಿಗೆ ಒಂದೂವರೆ ಗಂಟೆ ಇಡಿ. ಬೀದರಿನ ಅಷ್ಟೂರಿನಲ್ಲಿರುವ ಬಹಮನಿ ಗೋರಿಗಳನ್ನು ನೋಡಿದವರಿಗೆ ಆ ಗುಮ್ಮಟಗಳ ಬೇರು ಎಲ್ಲಿದೆ ಎಂದು ಹೇಳಬೇಕಿಲ್ಲ. ಕುತುಬ್‌ಶಾಹಿ ಮನೆತನದ ಮೂಲಪುರುಷ ಬಹಮನಿಗಳ ಸುಬೇದಾರನೇ.

ಊಟ ಮುಗಿಸಿ ಮೂರೂವರೆಗೆ ಹೊರಟರೆ ಆರೂವರೆಯ ವಿಮಾನಕ್ಕೆ ನಿರಾತಂಕ. ಕೈಚೀಲ ಏಳು ಕೆಜಿ ಮೀರದಿರಲಿ, ಪವರ್ ಬ್ಯಾಂಕ್ ಅದರಲ್ಲೇ ಇರಲಿ. ಆವಕಾಯಿ ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೆ, ಬಟ್ಟೆಯ ನಡುವೆ ಎರಡು ಕವರ್ ಸುತ್ತಿ. ಒಣಕೊಬ್ಬರಿ ಮಾತ್ರ ಆ ಬ್ಯಾಗಿಗೆ ಹಾಕಬೇಡಿ. ಬೆಂಕಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ, ಸ್ಕ್ಯಾನರಿನಲ್ಲಿ ಕಂಡರೆ ಬ್ಯಾಗು ತೆರೆಸಿ ತೆಗೆಸುತ್ತಾರೆ.