ಮೊದಲು ಟೈರ್, ಆಮೇಲೆ ಟ್ಯಾಂಕ್

ನನ್ನದು ಹಳೇ ಪಲ್ಸರ್ 150. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು. ಇಂಜಿನ್ ಗಟ್ಟಿಯಾಗಿತ್ತು, ಮೈ ಮಾತ್ರ ಸೊರಗಿತ್ತು. ಟ್ಯಾಂಕಿನ ಬಲಗಡೆ ಒಂದು ತಗ್ಗು, ಬಣ್ಣ ಮಂಕು, ಸ್ಟಿಕ್ಕರ್ ಅರ್ಧಂಬರ್ಧ ಕಿತ್ತುಹೋಗಿತ್ತು. ಮನೆಯಲ್ಲೇ ಇದನ್ನು ಚಂದ ಮಾಡೋಣ ಅಂತ ಕೂತಾಗ ಒಂದು ಲೆಕ್ಕ ಹಾಕಿಕೊಂಡೆ. ದುಡ್ಡು ಮೊದಲು ಟೈರ್‌ಗೆ, ಉಳಿದದ್ದು ಅಲಂಕಾರಕ್ಕೆ. ಮತ್ತೆ, ಅಲಂಕಾರದ ಯಾವ ಕೆಲಸವೂ ಟೈರಿನ ಗ್ರಿಪ್ ತಿನ್ನಬಾರದು. ಈ ಎರಡನೇ ಮಾತು ಯಾಕೆಂದರೆ, ಬೈಕ್ ಚಂದ ಮಾಡುವ ಸಾಮಾನಿನಲ್ಲಿ ಅರ್ಧ ಜಾರುವ ಸಾಮಾನೇ. ಪಾಲಿಶ್, ಡೀಸೆಲ್, ಚೈನ್ ಎಣ್ಣೆ, ಬಣ್ಣದ ಮೇಲೆ ಹೊಳಪಿಗೆ ಹೊಡೆಯುವ ಲ್ಯಾಕರ್.

ನಾನು ಓಡಾಡೋದು ಹಾಸನ, ಸಕಲೇಶಪುರ, ಆಗಾಗ ಶಿರಾಡಿ ಘಾಟಿ ಇಳಿದು ಗುಂಡ್ಯದ ಕಡೆಗೆ. ಈ ದಾರಿಯಲ್ಲಿ ಟೈರ್‌ಗೆ ಎಲ್ಲ ಥರದ ಪರೀಕ್ಷೆಯೂ ಇದೆ. ಬಯಲು ಕಡೆ ಡಿಸೆಂಬರ್ ಜನವರಿಯಲ್ಲಿ ರೈತರು ರಾಗಿ, ಹುರುಳಿ ತಂದು ರಸ್ತೆ ಮೇಲೆ ಹರಡಿರುತ್ತಾರೆ. ಹುರುಳಿ ಕಾಳು ಟೈರಿನ ಅಡಿ ಬೇರಿಂಗ್ ಗುಂಡಿನ ಹಾಗೆ ಉರುಳುತ್ತೆ. ಅದರ ಮೇಲೆ ಬ್ರೇಕ್ ಹಿಡಿದರೆ ಮುಗೀತು, ಯಾವ ಕಂಪನಿ ಟೈರ್ ಆದರೂ ಅಷ್ಟೇ. ಒಕ್ಕಣೆ ಕಾಣಿಸಿದ ಕೂಡಲೇ ಮುಂಚೆಯೇ ಸ್ಪೀಡ್ ಇಳಿಸಿ, ಹ್ಯಾಂಡಲ್ ನೆಟ್ಟಗಿಟ್ಟು, ಕ್ಲಚ್ಚು ಬ್ರೇಕು ಮುಟ್ಟದೆ ದಾಟಬೇಕು. ಸಕಲೇಶಪುರದ ಕಡೆ ಕಥೆಯೇ ಬೇರೆ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಬೀಳುತ್ತಲ್ಲ, ತೋಟದವರಿಗೆ ಅದು ಹಬ್ಬ. ಬೈಕಿನವರಿಗೆ ವರ್ಷದಲ್ಲಿ ಅತಿ ಕೆಟ್ಟ ಅರ್ಧ ಗಂಟೆ ಅದೇ. ಬೇಸಿಗೆಯಿಡೀ ರಸ್ತೆ ಮೇಲೆ ಕೂತ ಧೂಳು, ಲಾರಿಗಳಿಂದ ಸೋರಿದ ಎಣ್ಣೆ ಎಲ್ಲ ಮೊದಲ ಹನಿಗೆ ಮೇಲೆದ್ದು ಲೋಳೆಯಾಗುತ್ತದೆ. ಜೋರು ಮಳೆ ಸುರಿದು ಅದು ತೊಳೆದುಹೋದ ಮೇಲೆ ಗ್ರಿಪ್ ಎಷ್ಟೋ ವಾಸಿ. ಬಿಸ್ಲೆ ಕಡೆಯ ಕಾಡು ರಸ್ತೆಯಲ್ಲಿ ಬಿಸಿಲು ಬೀಳದ ತಿರುವುಗಳಿವೆ. ಅಲ್ಲಿ ಪಾಚಿ, ಕೊಳೆತ ಎಲೆ.

ಇನ್ನು ಟೈರ್. ನನ್ನ ಬೈಕಿನ ಹಿಂದಿನ ಟೈರ್ ಅಳತೆ 100/90-17. ಅಂದರೆ ಅಗಲ 100 ಮಿಲಿಮೀಟರ್, ಎತ್ತರ ಅದರ ನೂರಕ್ಕೆ 90 ಭಾಗ, ರಿಮ್ 17 ಇಂಚು. ಪಕ್ಕದಲ್ಲಿ 55P ಅಂತಿದ್ದರೆ 218 ಕೆ.ಜಿ. ಭಾರ, ಗಂಟೆಗೆ 150 ಕಿ.ಮೀ. ವೇಗದವರೆಗೆ ತಡೆಯುತ್ತದೆ ಎಂದರ್ಥ. ಟೈರ್ ಅಂಗಡಿಗೆ ಹೋದಾಗ ಜೊತೆಗಿದ್ದ ಗೆಳೆಯನದು ಒಂದೇ ಹಠ. "ಮಗಾ, 120 ಹಾಕ್ಸು, ಹಿಂದಿನಿಂದ ನೋಡಿದ್ರೆ ದೊಡ್ಡ ಬೈಕ್ ಥರಾ ಕಾಣತ್ತೆ." ಅವನ ಪಲ್ಸರ್‌ನಲ್ಲಿ 120/80-17 ಇದೆ. ಕಾಣೋದೇನೋ ದೊಡ್ಡದಾಗಿಯೇ ಕಾಣುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಿಮ್ ಅಗಲವಾಗಲಿಲ್ಲವಲ್ಲ. ಸಣ್ಣ ರಿಮ್ಮಿಗೆ ಅಗಲದ ಟೈರ್ ತುರುಕಿದರೆ ಅದರ ಎರಡೂ ಅಂಚು ಒಳಕ್ಕೆ ಅಮುಕಿಕೊಂಡು ನಡು ಉಬ್ಬುತ್ತದೆ. ರಸ್ತೆಗೆ ತಾಗುವ ಜಾಗ ಜಾಸ್ತಿ ಆಗುವ ಬದಲು ಕಡಿಮೆ ಆಗಬಹುದು.

ಬಾಯಲ್ಲಿ ಹೇಳಿದರೆ ಅವನು ನಂಬುವವನಲ್ಲ. ಒಂದು ಚಾಕ್‌ಪೀಸ್ ತಗೊಂಡು ಅವನ ಹಿಂದಿನ ಟೈರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಅಡ್ಡ ಗೆರೆ ಎಳೆದೆ. ದಪ್ಪಗೆ, ಅಲ್ಲಲ್ಲಿ. ನನ್ನ 100/90ಕ್ಕೂ ಹಾಗೇ ಎಳೆದೆ. ಇಬ್ಬರೂ ನೇರ ರಸ್ತೆಯಲ್ಲಿ ನೂರಿನ್ನೂರು ಮೀಟರ್ ಹೋಗಿ ಬಂದೆವು. ಅವನ ಟೈರಿನಲ್ಲಿ ನಡುವಿನ ಒಂದು ಸಣ್ಣ ಪಟ್ಟಿಯಷ್ಟೇ ಅಳಿಸಿತ್ತು, ಎರಡೂ ಕಡೆ ಸುಣ್ಣ ಹಾಗೇ ಬೆಳ್ಳಗೆ ನಿಂತಿತ್ತು. ನನ್ನದರಲ್ಲಿ ಅಳಿಸಿದ ಪಟ್ಟಿ ಕಣ್ಣಿಗೆ ಕಾಣುವಷ್ಟು ಅಗಲ ಇತ್ತು. ಅವನು ಒಂದು ಸಲ ನೋಡಿ, "ಆದ್ರೂ ಲುಕ್ ಇದೆ ಗುರು" ಅಂದ. ಅದಕ್ಕೇನು ಹೇಳೋದು? ಇನ್ನೊಂದು ವಿಷಯ. 120/80 ಟೈರಿನ ಪಕ್ಕದ ಎತ್ತರ 96 ಮಿಲಿಮೀಟರ್, ನನ್ನದು 90. ಚಕ್ರ ಒಟ್ಟು 12 ಮಿಲಿಮೀಟರ್ ದೊಡ್ಡದಾಗುತ್ತದೆ. ತೂಕ ಬೇರೆ. 150 ಸಿಸಿ ಇಂಜಿನ್‌ಗೆ ಘಾಟಿ ಹತ್ತುವಾಗ ಅದು ಗೊತ್ತಾಗುತ್ತೆ, ಮೈಲೇಜ್‌ನಲ್ಲೂ ಗೊತ್ತಾಗುತ್ತೆ.

ಹಾಗಾಗಿ ಅಳತೆ ಬದಲಾಯಿಸಲಿಲ್ಲ, ರಬ್ಬರ್ ಬದಲಾಯಿಸಿದೆ. ಅದೇ 100/90-17ರಲ್ಲಿ ಸ್ವಲ್ಪ ಮೆತ್ತನೆಯ ರಬ್ಬರಿನ ಟೈರ್ ಸಿಗುತ್ತದೆ. ಮೆತ್ತನೆಯ ರಬ್ಬರ್ ರಸ್ತೆಯ ಜಲ್ಲಿಯ ಮೊನೆಗಳ ಸುತ್ತ ಬೇಗ ಒತ್ತಿಕೊಳ್ಳುತ್ತದೆ, ಗ್ರಿಪ್ ಬರೋದು ಅಲ್ಲಿಂದ. ಒಣ ರಸ್ತೆಯಲ್ಲಿ ಟೈರಿನ ಕಚ್ಚುಗಳಿಂದ ಗ್ರಿಪ್ ಬರುತ್ತೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಟಾರ್ ರಸ್ತೆಯಲ್ಲಿ ಕಚ್ಚುಗಳ ಕೆಲಸ ನೀರು ಹೊರಗೆ ಹಾಕೋದು. ರೇಸ್ ಬೈಕಿನ ಒಣ ರಸ್ತೆಯ ಟೈರ್ ನುಣ್ಣಗೇ ಇರುತ್ತದೆ, ನೋಡಿರುತ್ತೀರಿ. ಆದರೆ ಮಲೆನಾಡಿನ ಮಳೆಗೆ ಕಚ್ಚು ಬೇಕೇ ಬೇಕು. ಕಚ್ಚಿನ ಒಳಗೆ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ, ಅದು ಎಲ್ಲಿದೆ ಅಂತ ತೋರಿಸಲು ಟೈರಿನ ಪಕ್ಕದಲ್ಲಿ TWI (ಸವೆತದ ಸೂಚಕ) ಅಥವಾ ಬಾಣದ ಗುರುತು. ಟೈರ್ ಆ ದಿಬ್ಬದ ಮಟ್ಟಕ್ಕೆ ಸವೆದರೆ ಆಯಿತು, ತೆಗೆಯಲೇಬೇಕು. ನಾನಂತೂ ಅಲ್ಲಿಗೆ ಬರುವ ಮುಂಚೆಯೇ, ಜೂನ್ ಮಳೆಗೆ ಮೊದಲು ತೆಗೆಯುತ್ತೇನೆ. ಮೆತ್ತನೆಯ ರಬ್ಬರ್ ಬೇಗ ಸವೆಯುತ್ತದೆ, ಅದು ಅದರ ಬೆಲೆ.

ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ರಬ್ಬರ್ ಸುಮ್ಮನೆ ಗೋಡೌನ್‌ನಲ್ಲಿ ಬಿದ್ದಿದ್ದರೂ ಗಟ್ಟಿಯಾಗುತ್ತಾ ಹೋಗುತ್ತದೆ. ನನಗೆ ಮೊದಲು ತೋರಿಸಿದ ಟೈರ್ ಹೊಳೆಯುತ್ತಿತ್ತು, ತಾರೀಕು ಹಳೆಯದು, ಉಗುರು ಒತ್ತಿದರೆ ಗುರುತೇ ಬೀಳಲಿಲ್ಲ. ಬೇರೆ ತೆಗೆಸಿದೆ. ಟೈರ್ ಕೂರಿಸುವಾಗ ತಿರುಗುವ ದಿಕ್ಕಿನ ಬಾಣ ಸರಿಯಿದೆಯಾ ಅಂತ ನಿಂತು ನೋಡಿದೆ. ಹಳದಿ ಚುಕ್ಕೆ ವಾಲ್ವ್ ಹತ್ತಿರ ಬರುವ ಹಾಗೆ ಕೂರಿಸಿ ಅಂದೆ. ಅದು ಟೈರಿನ ಹಗುರ ಜಾಗ, ವಾಲ್ವ್ ತೂಕ ಅಲ್ಲಿಗೆ ಸರಿಹೋಗುತ್ತೆ.

ಹೊಸ ಟೈರ್ ಮೊದಲು ಜಾರುತ್ತದೆ. ಅಚ್ಚಿನಿಂದ ಬಂದ ನುಣುಪು ಹೋಗುವವರೆಗೆ, ಸುಮಾರು 150 ಕಿ.ಮೀ., ಹುಷಾರಾಗಿ ಓಡಿಸಿ. ತಿರುವಿನಲ್ಲಿ ಬೈಕ್ ವಾಲಿಸುವುದನ್ನು ನಿಧಾನವಾಗಿ ಜಾಸ್ತಿ ಮಾಡುತ್ತಾ ಹೋದರೆ ಅಂಚಿನವರೆಗೂ ಹದವಾಗುತ್ತದೆ.

ಗಾಳಿ ಬಗ್ಗೆ ಸ್ವಲ್ಪ ಜಗಳ ಆಡಿಯೇ ಹೇಳಬೇಕು. ನನ್ನ ಬೈಕಿಗೆ ಮುಂದೆ 25, ಹಿಂದೆ ಒಬ್ಬರಿದ್ದರೆ 28, ಇಬ್ಬರಿದ್ದರೆ 32 ಪಿಎಸ್‌ಐ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ, "ಅಣ್ಣಾ, 40 ಹಾಕ್ತೀನಿ, ಮೈಲೇಜ್ ಬರತ್ತೆ" ಅನ್ನುತ್ತಾರೆ. 40ಕ್ಕೆ ಚಾಕ್‌ಪೀಸ್ ಗೆರೆ ಎಳೆದು ನೋಡಿ, ನಡುವಿನ ಒಂದು ದಾರದಷ್ಟೇ ಅಳಿಸುತ್ತೆ. ಗಾಳಿಯನ್ನು ಟೈರ್ ತಣ್ಣಗಿದ್ದಾಗ, ಬೆಳಗ್ಗೆ ನೋಡಬೇಕು. ನಾನು ಒಂದು ಸಣ್ಣ ಗೇಜ್ ಸೈಡ್ ಪ್ಯಾನಲ್ ಒಳಗೆ ಇಟ್ಟುಕೊಂಡಿದ್ದೇನೆ. ಬೈಕಿಗೆ ಹಾಕಿಸಿದ ಆಕ್ಸೆಸರಿಗಳಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ.

ಇಷ್ಟೆಲ್ಲ ಮಾಡಿದ ಮೇಲೆ ವಾಟರ್ ಸರ್ವಿಸ್‌ಗೆ ಬಿಟ್ಟರೆ ಏನಾಗುತ್ತೆ ಗೊತ್ತಲ್ಲ? ಕೆಳಗಿನ ಎಣ್ಣೆ ಜಿಡ್ಡು ಬಿಡಲಿ ಅಂತ ಡೀಸೆಲ್ ಸ್ಪ್ರೇ ಮಾಡುತ್ತಾರೆ, ಕೊನೆಗೆ ಹೊಳಪಿಗೆ ಟೈರ್ ತುಂಬ ಪಾಲಿಶ್ ಹೊಡೆಯುತ್ತಾರೆ. ಡೀಸೆಲ್ ರಬ್ಬರನ್ನು ಊದಿಸಿ ಹಾಳು ಮಾಡುತ್ತದೆ. ಪಾಲಿಶ್‌ನಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ, ಕಾರಿನವರಿಗೆ ಪಕ್ಕದ ಗೋಡೆಗೆ ಹಚ್ಚಿದರೆ ನಡೆಯುತ್ತೆ. ಬೈಕ್ ವಾಲುತ್ತದಲ್ಲ, ಪಕ್ಕ ಅಂದುಕೊಂಡದ್ದೇ ತಿರುವಿನಲ್ಲಿ ರಸ್ತೆಗೆ ತಾಗುವ ಜಾಗ. ಅದಕ್ಕೇ ನಾನು ಮನೆಯಲ್ಲೇ ಶಾಂಪೂ ನೀರಲ್ಲಿ ತೊಳೆಯುತ್ತೇನೆ. ಟೈರ್ ಕಪ್ಪಗೆ ಕಾಣಬೇಕಾ? ಹಳೇ ಬ್ರಷ್‌ನಲ್ಲಿ ಸೋಪು ಹಾಕಿ ಉಜ್ಜಿದರೆ ಸಾಕಷ್ಟು ಕಪ್ಪಗಾಗುತ್ತೆ. ಚೈನ್‌ಗೆ ರಾತ್ರಿ ಎಣ್ಣೆ ಬಿಟ್ಟು, ಬೆಳಗ್ಗೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಯೇ ಹೊರಡುತ್ತೇನೆ. ಇಲ್ಲದಿದ್ದರೆ ಅದು ಸಿಡಿದು ಹಿಂದಿನ ಟೈರಿನ ಎಡ ಅಂಚಿಗೆ ಕೂರುತ್ತದೆ.

ರಿಮ್‌ಗೆ ಬಣ್ಣ ಹೊಡೆಯುವ ಆಸೆ ಇತ್ತು. ಟೈರ್ ಬಿಚ್ಚಿದಾಗಲೇ ಮಾಡಿಬಿಟ್ಟೆ. ಟೈರಿನ ಅಂಚು ಕೂರುವ ಒಳ ತುಟಿಗೆ ಬಣ್ಣ ತಾಗಬಾರದು, ಅಲ್ಲಿ ಬಣ್ಣ ಎದ್ದರೆ ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ಸೋರುತ್ತದೆ. ಅಲ್ಲಿಗೆ ಮಾಸ್ಕಿಂಗ್ ಟೇಪ್. ಬ್ರೇಕ್ ಡಿಸ್ಕನ್ನಂತೂ ಬಿಚ್ಚಿಯೇ ಇಟ್ಟೆ. ರಿಮ್ ಸುತ್ತಲಿನ ಕೆಂಪು ಗೆರೆಯ ಸ್ಟಿಕ್ಕರ್ ರೇಡಿಯಂ ಅಂಗಡಿಯಲ್ಲಿ ಕತ್ತರಿಸಿ ಕೊಟ್ಟದ್ದು, ಶಾಂಪೂ ನೀರು ಚಿಮುಕಿಸಿ ಅಂಟಿಸಿದರೆ ಜರುಗಿಸಿ ಸರಿ ಮಾಡಿಕೊಳ್ಳಬಹುದು.

ಟ್ಯಾಂಕ್ ಕೆಲಸ ನಿಜವಾಗಿ ಮಜಾ ಕೊಟ್ಟದ್ದು. ಪೆಟ್ರೋಲ್ ಪೂರ್ತಿ ಇಳಿಸಿ, ಟ್ಯಾಂಕ್ ಬಿಚ್ಚಿ ಅಂಗಳದಲ್ಲಿ ಮುಚ್ಚಳ ತೆಗೆದು ಗಾಳಿಗಿಟ್ಟೆ. ಖಾಲಿ ಟ್ಯಾಂಕ್ ಅಂತ ಸದರ ಬೇಡ, ಒಳಗೆ ನಿಂತ ಆವಿಯೇ ಹೆಚ್ಚು ಅಪಾಯ. ತಗ್ಗಿನ ಸುತ್ತ ಬಣ್ಣ ಕೆರೆದು ಕಬ್ಬಿಣ ಕಂಡ ಮೇಲೆ ಪುಟ್ಟಿ ಹಚ್ಚಿದೆ. ಗಟ್ಟಿ ಮಾಡುವ ಪೇಸ್ಟ್ ಬೆರೆಸಿದ ಪುಟ್ಟಿ ಕೆಲವೇ ನಿಮಿಷದಲ್ಲಿ ಸೆಟ್ ಆಗುತ್ತದೆ, ನೆಲ್ಲಿಕಾಯಿ ಗಾತ್ರದಷ್ಟೇ ಕಲಸಬೇಕು. ಆಮೇಲೆ ವಾಟರ್ ಪೇಪರ್. ಮೊದಲು 220 ನಂಬರಿನದು, ಮತ್ತೆ 400 (ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು). ಕೈಯಲ್ಲಿ ಸುಮ್ಮನೆ ಹಿಡಿದು ಉಜ್ಜಿದರೆ ಬೆರಳಿನ ಏರಿಳಿತವೇ ಅದಕ್ಕೆ ಬರುತ್ತದೆ, ಒಂದು ರಬ್ಬರ್ ತುಂಡಿಗೆ ಸುತ್ತಿಕೊಂಡೆ. ಸಮ ಆಯಿತಾ ಅಂತ ಕಣ್ಣಿಗೆ ಗೊತ್ತಾಗಲ್ಲ. ಕಣ್ಣು ಮುಚ್ಚಿ, ತೆಳ್ಳನೆ ಬಟ್ಟೆ ಮಧ್ಯೆ ಇಟ್ಟು ಅಂಗೈ ಆಡಿಸಿದರೆ ಕೂದಲೆಳೆಯ ಅಂಚೂ ತಾಕುತ್ತದೆ. ಪ್ರೈಮರ್ ಒಣಗಿದ ಮೇಲೆ 800. ಬಣ್ಣ ಕಪ್ಪು, ತೆಳ್ಳಗೆ, ಸುಮಾರು ಒಂದು ಗೇಣು ದೂರದಿಂದ, ಒಂದು ಪದರ ಆರಿದ ಮೇಲೆ ಇನ್ನೊಂದು.

ಇದನ್ನೆಲ್ಲ ಫೆಬ್ರವರಿಯಲ್ಲಿ ಮಾಡಿದೆ. ಮಳೆಗಾಲದಲ್ಲಿ ಮಾಡಿದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಕೂತು ಬಣ್ಣದ ಮೇಲೆ ಬಿಳಿ ಮಬ್ಬು ಕವಿಯುತ್ತದೆ.

ಮೇಲಿನ ಲ್ಯಾಕರ್ ಮಾತ್ರ ಮನೆಯಲ್ಲಿ ಹೊಡೆಯಲಿಲ್ಲ. ಮಾಮೂಲಿ ಸ್ಪ್ರೇ ಡಬ್ಬಿಯ ಲ್ಯಾಕರನ್ನು ಒಂದು ಹಳೇ ತಗಡಿನ ಮುಚ್ಚಳಕ್ಕೆ ಹೊಡೆದು, ಚೆನ್ನಾಗಿ ಒಣಗಿಸಿ, ಮೇಲೆ ಒಂದು ಹನಿ ಪೆಟ್ರೋಲ್ ಬಿಟ್ಟು ನೋಡಿದೆ. ಸ್ವಲ್ಪ ಹೊತ್ತಿಗೆ ಬೆರಳಿಗೆ ಅಂಟು ಅಂಟಾಗಿ ಬಂತು. ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸುವಾಗ ಪೆಟ್ರೋಲ್ ಚೆಲ್ಲದೇ ಇರುತ್ತಾ? ಗಟ್ಟಿಕಾರಕ ಬೆರೆಸುವ 2ಕೆ ಲ್ಯಾಕರ್ ಪೆಟ್ರೋಲ್ ತಡೆಯುತ್ತದೆ, ಆದರೆ ಅದರಲ್ಲಿರುವ ಐಸೊಸೈಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಟವೆಲ್ ಕಟ್ಟಿಕೊಂಡರೆ ಆಗುವ ಕೆಲಸವಲ್ಲ. ಕಾರು ಟಿಂಕರಿಂಗ್ ಮಾಡುವ ಅಂಗಡಿಗೆ ಒಯ್ದು ಕೊಟ್ಟೆ, ಅವರು ಬೇರೆ ಕೆಲಸದ ಜೊತೆ ಹೊಡೆದುಕೊಟ್ಟರು. ಮನೆಗೆ ತಂದು 2000 ಪೇಪರ್, ರಬ್ಬಿಂಗ್ ಕಾಂಪೌಂಡ್. ಟ್ಯೂಬ್‌ಲೈಟ್ ಅದರಲ್ಲಿ ನೆಟ್ಟಗೆ ಕಂಡಾಗ ಖುಷಿ ಆಯಿತು.

ಕಪ್ಪಿಗೆ ಕಪ್ಪೇ ಹೊಡೆದದ್ದಕ್ಕೆ ಕಾರಣ ಇದೆ. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ, ಬದಲಾಯಿಸಿದರೆ ಆರ್‌ಟಿಒದಲ್ಲಿ ಸೇರಿಸಬೇಕು. ಆ ಓಡಾಟ ಯಾರಿಗೆ ಬೇಕು?

ಸೀರೆ ಗಾರ್ಡ್ ತೆಗೆದರೆ ಬೈಕ್ ಸ್ಲಿಮ್ ಕಾಣುತ್ತೆ ಅಂತ ಎಲ್ಲರೂ ಹೇಳಿದರು. ತೆಗೆಯಲಿಲ್ಲ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ನಿಯಮ ಬಿಡಿ, ನಮ್ಮಮ್ಮ ಸೀರೆ ಉಟ್ಟು ಹಿಂದೆ ಕೂರುತ್ತಾರೆ. ಹಿಂದಿನ ಮಡ್‌ಗಾರ್ಡ್ ಕತ್ತರಿಸುವುದೂ ಬೇಡವಾಯಿತು. ನಂಬರ್ ಪ್ಲೇಟ್ ಕೂರುವುದೇ ಅದರ ಮೇಲೆ, ಹಳೇ ಗಾಡಿಗೂ ಈಗ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ಪ್ಲೇಟ್ ಬಂದಿದೆ. ಆ ಪ್ಲೇಟಿನ ಲಾಕ್ ಒಮ್ಮೆ ಹಾಕಿದರೆ ಒಡೆದೇ ತೆಗೆಯಬೇಕು. ಮೇಲಾಗಿ ಜುಲೈನಲ್ಲಿ ಸಕಲೇಶಪುರದ ಕೆಂಪು ಕೆಸರು ಬೆನ್ನಿನಿಂದ ಹೆಲ್ಮೆಟ್‌ವರೆಗೂ ಸಿಡಿಯುತ್ತದೆ, ಮಡ್‌ಗಾರ್ಡ್ ಇದ್ದಾಗಲೇ.

ಈಗ ಬಾಕಿ ಇರೋದು ಮುಂದಿನ ಟೈರ್ ಮತ್ತು ಸೀಟ್ ಕವರ್. ಮುಂದಿನ ಟೈರಿನ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಶುರುವಾಗಿದೆ. ಸೀಟ್ ಕವರ್ ದೀಪಾವಳಿ ಹೊತ್ತಿಗೆ ನೋಡಿದರಾಯಿತು, ಟೈರ್ ಮಾತ್ರ ಮೇ ತಿಂಗಳು ಮುಗಿಯುವುದರೊಳಗೆ ಹಾಕಿಸಬೇಕು.