ಒಂದೇ ಮೋಟಾರಿನಲ್ಲಿ ಬಲ ಹೃದಯ, ಎಡ ಹೃದಯ: ನನ್ನ ರಕ್ತಪರಿಚಲನೆಯ ಮಾದರಿ ಕೊನೆಗೂ ನಡೆದ ಬಗೆ

ಹೃದಯ, ಶ್ವಾಸಕೋಶ, ಮೂತ್ರಪಿಂಡ ಮೂರೂ ಒಂದೇ ಸುತ್ತಿನಲ್ಲಿ ಕೆಲಸ ಮಾಡುವ ಮಾದರಿಯನ್ನು ಪಾಠಕ್ಕಾಗಿ ಕಟ್ಟುತ್ತೇನೆಂದಾಗ, ಈ ಕೆಲಸದಲ್ಲಿ ಪಳಗಿದ ಗೆಳೆಯರೆಲ್ಲರೂ ಒಂದೇ ಮಾತು ಹೇಳಿದ್ದರು: ಒಂದರ ಹಿಂದೊಂದು ಇರುವ ಎರಡು ಪಂಪುಗಳನ್ನು ಸೆನ್ಸರುಗಳಿಲ್ಲದೆ ಸಮತೂಕದಲ್ಲಿ ಓಡಿಸಲಾಗದು. ಆ ಮಾದರಿ ಈಗ ನನ್ನ ಮೇಜಿನ ಮೇಲೆ ಗಂಟೆಗಟ್ಟಲೆ ಓಡುತ್ತದೆ, ಅದರಲ್ಲಿ ಒಂದೇ ಒಂದು ಸೆನ್ಸರೂ ಇಲ್ಲ. ಕೇಳಿದವರಿಗೆಲ್ಲ ಬೇರೆಬೇರೆಯಾಗಿ ವಿವರಿಸುವ ಬದಲು ಒಮ್ಮೆಗೇ ಬರೆದಿಡುತ್ತಿದ್ದೇನೆ.

ಗೆಳೆಯರ ಅನುಮಾನ ಅಕಾರಣವಾದದ್ದೇನಲ್ಲ. ವಿಶ್ರಾಂತಿಯಲ್ಲಿರುವ ಮನುಷ್ಯನ ಎರಡೂ ಹೃತ್ಕುಕ್ಷಿಗಳು (ಶ್ವಾಸಕೋಶಕ್ಕೆ ತಳ್ಳುವ ಬಲ ಕೋಣೆ, ದೇಹಕ್ಕೆ ತಳ್ಳುವ ಎಡ ಕೋಣೆ) ತಲಾ ಬಡಿತಕ್ಕೆ ಸುಮಾರು 70 ಮಿ.ಲೀ.ನಂತೆ ನಿಮಿಷಕ್ಕೆ 5 ಲೀಟರ್ ತಳ್ಳುತ್ತವೆ. ಬಲಭಾಗವು ಎಡಭಾಗಕ್ಕಿಂತ ಬಡಿತಕ್ಕೆ ಒಂದೇ ಒಂದು ಮಿ.ಲೀ. ಹೆಚ್ಚು ತಳ್ಳಿದರೂ ಹತ್ತು ನಿಮಿಷದಲ್ಲಿ 700 ಮಿ.ಲೀ. ಶ್ವಾಸಕೋಶದಲ್ಲಿ ತಂಗುತ್ತದೆ, ಅಲ್ಲಿನ ರಕ್ತನಾಳಗಳಲ್ಲಿ ಮಾಮೂಲಾಗಿ ಇರುವುದೇ ಅರ್ಧ ಲೀಟರಿನ ಆಸುಪಾಸು. ನನ್ನ ಮೊದಲ ಮಾದರಿಯಲ್ಲಿ ಆದದ್ದೂ ಇದೇ. ಒಂದೇ ತಯಾರಿಕೆಯ ಎರಡು ರೋಲರ್ ಪಂಪುಗಳನ್ನು (ತಿರುಗುವ ಉರುಳೆಗಳಿಂದ ಮೆತ್ತನೆಯ ಕೊಳವೆಯನ್ನು ಹಿಂಡಿ ದ್ರವ ದೂಡುವಂಥವು) ಒಂದೇ ವೇಗಕ್ಕೆ ಹಚ್ಚಿದ್ದರೂ ಕೆಲವೇ ನಿಮಿಷಗಳಲ್ಲಿ ಶ್ವಾಸಕೋಶದ ಚೀಲ ಉಬ್ಬಿ, ಬಲಗಡೆಯ ಪಂಪು ಗಾಳಿಯನ್ನೇ ಎಳೆಯತೊಡಗಿತು. ತಿರುಪು ತಿರುಗಿಸಿ ಬೆಳಿಗ್ಗೆ ಸಮ ಮಾಡಿದ್ದು, ಕೊಳವೆ ಬಿಸಿಯಾಗಿ ಮೆತ್ತಗಾದಂತೆ ಸಂಜೆಯೊಳಗೆ ತಪ್ಪುತ್ತಿತ್ತು. ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಪಾಲನ್ನು ನುಂಗಿದ ಆ ಪಂಪುಗಳು ಈಗ ಕಪಾಟಿನಲ್ಲಿವೆ.

ದಾರಿ ಸಿಕ್ಕಿದ್ದು ನಾವೆಲ್ಲ ಪಾಠದಲ್ಲಿ ಒಪ್ಪಿಸುವ ನಿಯಮದಲ್ಲಿಯೇ. ಹೃದಯ ಹೆಚ್ಚು ತುಂಬಿದಷ್ಟೂ ಹೆಚ್ಚು ಬಲವಾಗಿ ಸಂಕುಚಿಸುತ್ತದೆ ಎಂಬುದನ್ನು 1895ರಲ್ಲಿ ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ಓಟೊ ಫ್ರಾಂಕ್ ಕಪ್ಪೆಯ ಹೃದಯದಲ್ಲಿಯೂ, ಮುಂದಿನ ಶತಮಾನದ ಎರಡನೆಯ ದಶಕದಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗ್ ನಾಯಿಯ ಹೃದಯ-ಶ್ವಾಸಕೋಶಗಳಲ್ಲಿಯೂ ತೋರಿಸಿದ್ದರು. ರೋಲರ್ ಪಂಪು ತನ್ನ ಪಾಲನ್ನು ಎಳೆದೇ ತೀರುತ್ತದೆ, ಆದರೆ ಹೃದಯ ಬಹುಮಟ್ಟಿಗೆ ತನಗೆ ಬಂದದ್ದನ್ನು ಮಾತ್ರ ಮುಂದಕ್ಕೆ ಕಳಿಸುತ್ತದೆ. ಹಾಗಾಗಿ ತಾನಾಗಿ ಎಳೆಯದ ಪಂಪು ನನಗೆ ಬೇಕಾಗಿತ್ತು. ತೆಳು ರಬ್ಬರಿನ ಎರಡು ಚೀಲಗಳು, ಪ್ರತಿ ಚೀಲದ ಎರಡೂ ತುದಿಗೆ ಒಂದೊಂದು ಕವಾಟ, ಚೀಲವನ್ನು ಒತ್ತುವ ಹಲಗೆ, ಎರಡೂ ಹಲಗೆಗಳನ್ನು ದೂಡುವ ಕ್ಯಾಮುಗಳು (ಒಂದು ಬದಿ ಉಬ್ಬಿದ ಚಕ್ರಗಳು) ಒಂದೇ ದಂಡದ ಮೇಲೆ. ಅದನ್ನು ತಿರುಗಿಸುವುದು ಗುಜರಿಗೆ ಹೋಗಬೇಕಿದ್ದ ಯಂತ್ರದಿಂದ ಬಿಚ್ಚಿದ ಮೋಟಾರು, ನಿಮಿಷಕ್ಕೆ ಸುಮಾರು 60 ಸುತ್ತು. ಇಲ್ಲಿ ಗಮನಿಸಬೇಕಾದದ್ದು, ಹಲಗೆಯನ್ನು ಚೀಲಕ್ಕೆ ಅಂಟಿಸಿಲ್ಲ. ಹಲಗೆ ಹಿಂದಕ್ಕೆ ಸರಿದಾಗ ಚೀಲವನ್ನು ಎಳೆದು ತೆರೆಯುವುದಿಲ್ಲ. ಹಿಂದಿನಿಂದ ದ್ರವ ಎಷ್ಟು ಒತ್ತಡದಲ್ಲಿ ಬರುತ್ತದೋ ಅಷ್ಟೇ ಚೀಲ ತುಂಬುತ್ತದೆ, ಅಷ್ಟೇ ಹೊರಹೋಗುತ್ತದೆ. ಚೀಲದ ಆಕಾರವನ್ನೂ ಕವಾಟದ ಎಸಳನ್ನು ಅಂಟಿಸಿದ ಬಗೆಯನ್ನೂ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ; ಅವಕ್ಕಾಗಿ ನಾನು ಹಾಳುಮಾಡಿದ ರಬ್ಬರಿಗೆ ಲೆಕ್ಕವಿಲ್ಲ.

ಪರೀಕ್ಷೆ ಸರಳ. ಎಡಚೀಲಕ್ಕೆ ಬರುವ ಕೊಳವೆಯನ್ನು ಮೂರ್ನಾಲ್ಕು ಬಡಿತಗಳ ಕಾಲ ಬೆರಳಿನಿಂದ ಅದುಮಿ ಬಿಟ್ಟೆ. ಶ್ವಾಸಕೋಶದಲ್ಲಿ ದ್ರವ ಹೆಚ್ಚಿ, ಎಡಚೀಲವನ್ನು ತುಂಬುವ ಒತ್ತಡ ಏರಿ, ಅದು ಪ್ರತಿ ಬಡಿತಕ್ಕೂ ಹೆಚ್ಚು ತಳ್ಳಿತು. ಹತ್ತು ಹನ್ನೆರಡು ಬಡಿತಗಳಲ್ಲಿ ಎರಡೂ ಕಡೆ ಮತ್ತೆ ಸಮವಾಯಿತು. ಮೊದಲಿನಿಂದಲೂ ಆಗದೆಂದು ವಾದಿಸುತ್ತಿದ್ದ ಗೆಳೆಯರೊಬ್ಬರು ಮೇಜಿನ ಕೆಳಗೆ ಬಗ್ಗಿ ತಂತಿಗಳನ್ನು ಹುಡುಕಿದರು.

ಒತ್ತಡವನ್ನು ಸರಿಯಾಗಿ ಕೂರಿಸುವುದು ಇನ್ನೊಂದು ರಗಳೆ. ಗಟ್ಟಿ ಕೊಳವೆಯನ್ನೇ ಮಹಾಪಧಮನಿಯೆಂದು ಹಾಕಿದಾಗ ಎರಡು ಬಡಿತಗಳ ನಡುವೆ ಒತ್ತಡ ಸೊನ್ನೆಗೆ ಬೀಳುತ್ತಿತ್ತು. ಎಡಚೀಲದ ಮುಂದೆ ಒಂದು ಗೇಣಿನಷ್ಟು ಮೆತ್ತನೆಯ ರಬ್ಬರ್ ಕೊಳವೆ ಸೇರಿಸಿದ ಮೇಲೆ ಪಾದರಸದ ಲೆಕ್ಕದಲ್ಲಿ 120ಕ್ಕೆ 80ರ ಹತ್ತಿರ ನಿಂತಿತು. ಪಾದರಸವನ್ನು ವಿದ್ಯಾರ್ಥಿಗಳ ಹತ್ತಿರ ತರುವಂತಿಲ್ಲವಾದ್ದರಿಂದ ಮಾದರಿಯ ದ್ರವವನ್ನೇ ಗಾಜಿನ ಕೊಳವೆಯಲ್ಲಿ ಏರಿಸಿ ಅಳೆಯುತ್ತೇನೆ, 120 ಮಿ.ಮೀ. ಪಾದರಸವೆಂದರೆ ಅದರಲ್ಲಿ ಸುಮಾರು ಒಂದೂವರೆ ಮೀಟರ್. ಇಂಗ್ಲೆಂಡಿನ ಪಾದ್ರಿ-ವಿಜ್ಞಾನಿ ಸ್ಟೀಫನ್ ಹೇಲ್ಸ್ ಕುದುರೆಯ ಧಮನಿಗೆ ಗಾಜಿನ ಕೊಳವೆ ಹಚ್ಚಿ, ರಕ್ತ ಎಂಟು ಅಡಿಗೂ ಮೇಲೆ ಏರಿದ್ದನ್ನು 1733ರಲ್ಲಿ ಪ್ರಕಟಿಸಿದಾಗ ಅವನ ಬಳಿಯೂ ಬೇರೆ ಸಾಧನವಿರಲಿಲ್ಲ.

ಬಲಗಡೆಯ ಒತ್ತಡ ಎಡಗಡೆಯದರ ಆರನೆಯ ಒಂದು ಪಾಲಿನಷ್ಟೇ ಇರಬೇಕು, ಹರಿವು ಮಾತ್ರ ಅಷ್ಟೇ ಇರಬೇಕು. ಶ್ವಾಸಕೋಶಕ್ಕೆ ಹೆಚ್ಚು ಸಂಖ್ಯೆಯ ಅಗಲ ಕೊಳವೆಗಳನ್ನೂ ದೇಹಕ್ಕೆ ಕಡಿಮೆ ಸಂಖ್ಯೆಯ ಸಣ್ಣ ಕೊಳವೆಗಳನ್ನೂ ಪಕ್ಕಪಕ್ಕದಲ್ಲಿ ಸಮಾಂತರವಾಗಿ ಜೋಡಿಸಿದೆ. ತ್ರಿಜ್ಯ ಅರ್ಧವಾದರೆ ತಡೆ ಹದಿನಾರು ಪಟ್ಟಾಗುತ್ತದೆಯಾದ್ದರಿಂದ ಕೊಳವೆಯ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಲೆಕ್ಕ ತಲೆಕೆಳಗಾಗುತ್ತಿತ್ತು. ಪಂಪುಗಳ ನಂತರ ಹೆಚ್ಚು ಹಣ ಕರಗಿದ್ದು ಈ ಕೊಳವೆಗಳಲ್ಲಿಯೇ. ದ್ರವಕ್ಕೆ ನೂರಕ್ಕೆ 40 ಪಾಲು ಗ್ಲಿಸರಿನ್ ಬೆರೆಸಿದರೆ ರಕ್ತದ ಸ್ನಿಗ್ಧತೆ, ಅಂದರೆ ಹರಿಯುವಾಗಿನ ಮಂದತನ, ಬರುತ್ತದೆ. ಬಣ್ಣ ಹಾಕಬೇಡಿ, ಸಿಲಿಕೋನ್ ಕೊಳವೆಗೆ ಹತ್ತಿದ ಬಣ್ಣ ಹೋಗುವುದೇ ಇಲ್ಲ.

ಚೀಲಗಳನ್ನೂ ಶ್ವಾಸಕೋಶವನ್ನೂ ಗಾಳಿಯಾಡದ ಪೆಟ್ಟಿಗೆಯೊಳಗಿಟ್ಟು, ತಳಕ್ಕೆ ರಬ್ಬರ್ ಹಾಳೆಯ ವಪೆ (ಎದೆಗೂಡಿನ ತಳದಲ್ಲಿರುವ ಉಸಿರಾಟದ ಸ್ನಾಯುವಿನ ಬದಲಿಗೆ) ಕಟ್ಟಿ, ದಂಡವನ್ನು ಆಯಿಲ್ ಸೀಲಿನ ಮೂಲಕ ಒಳಕ್ಕೆ ಬಿಟ್ಟದ್ದು ಮೂಲ ಯೋಜನೆಯಲ್ಲಿ ಇರಲಿಲ್ಲ. ಸುಮ್ಮನೆ ನೋಡೋಣವೆಂದು ಮಾಡಿದ್ದು. ಫಲ ನನ್ನ ನಿರೀಕ್ಷೆಯನ್ನು ಮೀರಿತು. ವಪೆಯನ್ನು ಕೆಳಕ್ಕೆಳೆದಾಗ ಶ್ವಾಸಕೋಶಕ್ಕೆ ಗಾಳಿ ಬರುವುದರ ಜೊತೆಗೆ, ಪೆಟ್ಟಿಗೆಯ ಹೊರಗಿರುವ ಅಭಿಧಮನಿಗಳ ದ್ರವವೂ ಬಲಚೀಲಕ್ಕೆ ಹೆಚ್ಚು ಬರುತ್ತದೆ. ಅದೇ ಹೊತ್ತಿಗೆ ಶ್ವಾಸಕೋಶದ ನಾಳಗಳು ಹಿಗ್ಗಿ ದ್ರವವನ್ನು ಹಿಡಿದುಕೊಳ್ಳುವುದರಿಂದ ಎಡಗಡೆಯ ಒತ್ತಡ ಒಂದೆರಡು ಬಡಿತ ಇಳಿದು ಮತ್ತೆ ಏರುತ್ತದೆ. ಉಸಿರೆಳೆದಾಗ ಮನುಷ್ಯರ ರಕ್ತದೊತ್ತಡ ತುಸು ಇಳಿಯುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಸಾಧನವನ್ನು ನಾನಂತೂ ಕಂಡಿಲ್ಲ.

ಕಡೆಯದಾಗಿ ಸೇರಿಸಿದ್ದು ಮೂತ್ರಪಿಂಡ. ಹೃದಯ ತಳ್ಳಿದ್ದರ ಐದನೆಯ ಒಂದು ಪಾಲಿಗೂ ಮಿಕ್ಕಿ ಪಡೆದು, ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರಿನಷ್ಟು ಮಾತ್ರ ಹೊರಬಿಡುವ ಅಂಗಕ್ಕೆ ನನ್ನಲ್ಲಿರುವುದು ಧಮನಿಯ ಕಡೆಯಿಂದ ತೊಟ್ಟಿಕ್ಕುವ ಒಂದು ನಲ್ಲಿ, ಅಷ್ಟೇ. ಅಭಿಧಮನಿಯ ಕಡೆ, ನಾವು ಕುಡಿಯುವ ನೀರಿನ ಬದಲಿಗೆ, ಒಂದೇ ಗತಿಯಲ್ಲಿ ಹನಿಯುವ ಬಾಟಲಿಯಿದೆ. ದೇಹದ ಕೊಳವೆಗಳ ಕ್ಲಿಪ್ಪನ್ನು ಬಿಗಿದರೆ ಒತ್ತಡ ಏರುತ್ತದೆ, ಎಲ್ಲರೂ ಊಹಿಸುವಂತೆ. ಆದರೆ ನಲ್ಲಿಯಿಂದ ಹನಿ ಹೆಚ್ಚಾಗಿ, ಒಟ್ಟು ದ್ರವ ತಗ್ಗಿ, ಅರ್ಧ ಗಂಟೆಯೊಳಗೆ ಒತ್ತಡ ಹಳೆಯ ಮಟ್ಟಕ್ಕೇ ಮರಳುತ್ತದೆ; ಹರಿವು ಮಾತ್ರ ಕಡಿಮೆಯಾಗಿರುತ್ತದೆ. ನಲ್ಲಿಯನ್ನೇ ಬಿಗಿದರೆ ಒತ್ತಡ ಏರಿದಲ್ಲಿಯೇ ನಿಲ್ಲುತ್ತದೆ. ದೀರ್ಘಕಾಲದ ರಕ್ತದೊತ್ತಡದಲ್ಲಿ ಮೂತ್ರಪಿಂಡದ ಮಾತೇ ಕೊನೆಯದು ಎಂಬ ವಾದವನ್ನು ಓದಿ ತಲೆಯಾಡಿಸಿದ್ದೆ. ನಲ್ಲಿ ತಿರುಗಿಸಿ ನೋಡಿದ ಮೇಲೆ ನಂಬಿದೆ.

ಕೆಲವು ಬಡಿತಗಳಲ್ಲಿ ಸರಿಯಾಗುವ ಹೃದಯಕ್ಕೂ ಅರ್ಧ ಗಂಟೆ ಬೇಡುವ ನಲ್ಲಿಗೂ ನಡುವೆ ನನ್ನ ಮಾದರಿಯಲ್ಲಿ ಏನೂ ಇಲ್ಲ. ಇಡೀ ಮಾದರಿಯನ್ನು ಮನುಷ್ಯ ಎದ್ದು ನಿಂತಂತೆ ನೆಟ್ಟಗೆ ನಿಲ್ಲಿಸಿದರೆ ದ್ರವವೆಲ್ಲ ಕೆಳಗೆ ಕಾಲಿನ ಕಡೆಗಿಳಿದು ಒತ್ತಡ ಕುಸಿಯುತ್ತದೆ, ಕಾಲಿನ ಕೊಳವೆಯನ್ನು ಕೈಯಿಂದ ಹಿಂಡುವವರೆಗೆ ಏಳುವುದೇ ಇಲ್ಲ. ಮನುಷ್ಯ ಎದ್ದು ನಿಂತಾಗ ಕುತ್ತಿಗೆಯ ಧಮನಿಯಲ್ಲಿರುವ ಒತ್ತಡಗ್ರಾಹಿಗಳು ಕೆಲವೇ ಸೆಕೆಂಡುಗಳಲ್ಲಿ ನರಗಳ ಮೂಲಕ ಬಡಿತವನ್ನು ಹೆಚ್ಚಿಸಿ ನಾಳಗಳನ್ನು ಬಿಗಿಸುತ್ತವೆ. ಗೆಳೆಯರು ಹೇಳಿದ ಸೆನ್ಸರು ನಿಜಕ್ಕೂ ಬೇಕಾಗಿರುವುದು ಇಲ್ಲಿ, ಮುಂದಿನ ಕೆಲಸವೂ ಅದೇ; ಮೋಟಾರಿನ ವೇಗವನ್ನು ಒತ್ತಡಕ್ಕೆ ತಕ್ಕಂತೆ ಬದಲಿಸುವ ವಿದ್ಯುನ್ಮಂಡಲ ಅರ್ಧ ಸಿದ್ಧವಾಗಿದೆ, ನಾಳಗಳನ್ನು ಬಿಗಿಸುವ ಉಪಾಯ ಇನ್ನೂ ಕೈಗೆ ಹತ್ತಿಲ್ಲ.