ಪ್ರಾಸ್ಟೇಟ್ ಸ್ಕ್ಯಾನಿಂಗ್: ನೀರು ಎಲ್ಲಿ ಕುಡಿಯಬೇಕು?

ರಾತ್ರಿ ನಾಲ್ಕೈದು ಸಲ ಎದ್ದು ಒಂದಕ್ಕೆ ಹೋಗುವುದು, ಹೋಗಿ ಬಂದರೂ ಪೂರ್ತಿ ಆಯಿತು ಅನ್ನಿಸದಿರುವುದು. ಅರವತ್ತು ದಾಟಿದ ಮೇಲೆ ಇದೆಲ್ಲ ಇದ್ದದ್ದೇ ಎಂದು ಒಂದು ವರ್ಷ ಸುಮ್ಮನಿದ್ದೆ. ಕೊನೆಗೆ ಹೆಂಡತಿಯ ಕಾಟಕ್ಕೆ ತುಮಕೂರಿಗೆ ಹೋದೆ. ಡಾಕ್ಟರು ಹೊಟ್ಟೆ ಸ್ಕ್ಯಾನಿಂಗ್ ಬರೆದರು. ಪ್ರಾಸ್ಟೇಟ್ ಗ್ರಂಥಿ ಮೂತ್ರಚೀಲದ ಕೆಳಗೇ ಇರುತ್ತದೆ, ಚೀಲ ತುಂಬಿದ್ದರೆ ಚೆನ್ನಾಗಿ ಕಾಣುತ್ತದೆ, ಒಂದು ಲೀಟರ್ ನೀರು ಕುಡಿದು ಬನ್ನಿ ಎಂದರು.

ಆ ನೀರನ್ನು ಗುಬ್ಬಿಯಲ್ಲಿ ಮನೆಯಲ್ಲೇ ಕುಡಿದು ಬಸ್ಸು ಹತ್ತಿದ್ದು ನನ್ನ ಪೆದ್ದತನ. ಸುಮಾರು 20 ಕಿಲೋಮೀಟರ್ ದಾರಿ. ರಸ್ತೆಯ ಒಂದೊಂದು ಉಬ್ಬಿಗೂ ಮನೆದೇವರು ನೆನಪಾದ. ಅಲ್ಲಿ ನೋಡಿದರೆ ನನ್ನದು 14ನೇ ಟೋಕನ್, ಒಳಗಿದ್ದದ್ದು 5. ತಡೆಯಲಾಗದೆ ಹೋಗಿ ಬಂದೆ. ‘ಏನ್ ಯಜಮಾನ್ರೇ, ಖಾಲಿ ಮಾಡ್ಕೊಂಡ್ ಬಂದ್ಬಿಟ್ರಾ? ಮತ್ತೆ ಕುಡೀರಿ’ ಎಂದರು ಸಿಸ್ಟರ್. ತಡೆದುಕೊಳ್ಳಲು ಆಗದವನಿಗೇ ತಡ್ಕೊಳ್ಳಿ ಅನ್ನೋದು, ಎಂಥಾ ಪರೀಕ್ಷೆ ಅಲ್ವಾ! ಟೋಕನ್ ತಗೊಂಡು, ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದ ಮೇಲೆಯೇ ಬಾಟಲಿ ತೆಗೆಯಿರಿ.

ಸ್ಕ್ಯಾನಿಂಗ್ ಹತ್ತೇ ನಿಮಿಷ. ಆಮೇಲೆ ಒಂದಕ್ಕೆ ಹೋಗಿ ಬರಲು ಹೇಳಿ ಇನ್ನೊಮ್ಮೆ ನೋಡುತ್ತಾರೆ. ಒಳಗೆ ಎಷ್ಟು ಉಳಿದಿದೆ ಎಂದು ಅಳೆಯಲು. ಇಲ್ಲಿ ಅವಸರ ಬೇಡ. ಹೊರಗೆ ಯಾರೋ ಬಾಗಿಲು ಬಡಿಯುತ್ತಾರೆ ಎಂದು ಅರ್ಧಕ್ಕೇ ಬಂದರೆ ಲೆಕ್ಕ ತಪ್ಪುತ್ತದೆ. ಚೀಲ ಅತಿಯಾಗಿ ಬಿಗಿದಿದ್ದರೂ ಅಷ್ಟೇ. ನನಗೆ 90 ಎಂ.ಎಲ್. ಉಳಿದಿತ್ತು. ಗ್ರಂಥಿ 48 ಗ್ರಾಂ. ಸಾಮಾನ್ಯವಾಗಿ 20-25 ಇರುತ್ತದಂತೆ.

ಪಿಎಸ್‌ಎ ಎಂಬ, ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ರಕ್ತಪರೀಕ್ಷೆಯಲ್ಲಿ ಲೆಕ್ಕ 4 ದಾಟಿದ್ದರಿಂದ ವಾರದ ನಂತರ ಗುದದ್ವಾರದಿಂದ ಮಾಡುವ ಸ್ಕ್ಯಾನಿಂಗೂ ಆಯಿತು. ಭಯಕ್ಕಿಂತ ನಾಚಿಕೆಯೇ ಜಾಸ್ತಿ ಇತ್ತು. ಬೆಳಗ್ಗೆ ಎನಿಮಾ ಕೊಟ್ಟು ಹೊಟ್ಟೆ ಖಾಲಿ ಮಾಡಿಸಿದರು. ಎಡ ಮಗ್ಗುಲಿಗೆ ಮಲಗಿ ಮಂಡಿಗಳನ್ನು ಎದೆ ಕಡೆಗೆ ಮಡಚಿಕೊಳ್ಳಬೇಕು. ಬೆರಳಿಗಿಂತ ಸ್ವಲ್ಪ ದಪ್ಪನೆಯ, ಸ್ಕ್ಯಾನ್ ಮಾಡುವ ಕಡ್ಡಿಯಂಥ ಪ್ರೋಬ್‌ಗೆ ಕಾಂಡೋಮ್ ತೊಡಿಸಿ, ಜೆಲ್ ಸವರಿ ಒಳಗೆ ಬಿಡುತ್ತಾರೆ. ಎರಡಕ್ಕೆ ಅವಸರವಾದ ಹಾಗೆ ಒತ್ತುತ್ತದೆ, ನೋವು ಅಂತ ಹೇಳಲಾರೆ. ಮೈ ಬಿಗಿ ಹಿಡಿದಷ್ಟೂ ಕಷ್ಟ. ಬಾಯಿಂದ ನಿಧಾನವಾಗಿ ಉಸಿರು ಬಿಡುತ್ತಾ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಮುಗಿಯಿತು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಡಾಕ್ಟರಿಗೆ ಹೇಳಿ. ಬಯಾಪ್ಸಿಗೆ, ಅಂದರೆ ಪರೀಕ್ಷೆಗೆಂದು ಗ್ರಂಥಿಯ ಸಣ್ಣ ಚೂರು ತೆಗೆಯಬೇಕಾದರೆ ಅದು ಮುಖ್ಯ. ನಮ್ಮಷ್ಟಕ್ಕೆ ನಾವೇ ನಿಲ್ಲಿಸುವುದೂ ತಪ್ಪು. ನನಗೆ ಬಯಾಪ್ಸಿ ಬೇಕಾಗಲಿಲ್ಲ. ರಾತ್ರಿಗೆ ಒಂದು ಮಾತ್ರೆ ಕೊಟ್ಟಿದ್ದಾರೆ, ಆರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ. ಈಗ ಒಂದೋ ಎರಡೋ ಸಲ ಏಳುತ್ತೇನೆ.